ಊರಿನ ಹದಿನೈದು ಜನರಿಗೆ ಮನಸ್ಸಿನ ಪ್ರಥಮ ಚಿಕಿತ್ಸೆ ಕಲಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಒಂದು ತಾಲ್ಲೂಕು ಕೇಂದ್ರದಲ್ಲಿ ಮಾನಸಿಕ ಆರೋಗ್ಯದ ತರಬೇತಿಗೆ ಹೋಗಿದ್ದೆ. ನೂರಕ್ಕೂ ಜಾಸ್ತಿ ಜನ ಬಂದಿದ್ದರು. ದೀಪ ಹಚ್ಚಿದರು, ಹಾರ ಹಾಕಿದರು, ಅತಿಥಿಗಳೆಲ್ಲ ಮಾತಾಡಿದರು. ಆಮೇಲೆ ಪರದೆಯ ಮೇಲೆ ಖಿನ್ನತೆಯ ಲಕ್ಷಣಗಳ ಪಟ್ಟಿ ಓಡಿತು. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಆಶಾ ಕಾರ್ಯಕರ್ತೆಯೊಬ್ಬರು ಕೇಳಿದರು: ‘ಮೇಡಂ, ನಾಳೆ ನಮ್ಮ ಬೀದೀಲಿ ಯಾರಾದ್ರೂ ನಂಗೆ ಬದುಕೋದೇ ಬೇಡ ಅಂದ್ರೆ, ನಾನು ಬಾಯಿಬಿಟ್ಟು ಏನು ಅನ್ಬೇಕು?’

ಅಷ್ಟು ಹೊತ್ತಿನ ತರಬೇತಿಯಲ್ಲಿ ಆ ಒಂದು ಪ್ರಶ್ನೆಗೆ ಉತ್ತರ ಇರಲಿಲ್ಲ. ಆಮೇಲೆ ನಾನೇ ಹಳ್ಳಿಗಳಲ್ಲಿ ಇಂಥ ತರಬೇತಿ ನಡೆಸಲು ಶುರು ಮಾಡಿದೆ. ಬೇರೆಯವರು ನಡೆಸುವುದನ್ನೂ ನೋಡಿದ್ದೇನೆ. ಎಲ್ಲರೂ ಎಡವುವ ಜಾಗ ಅದೇ. ನಿಮ್ಮ ಸಂಘ, ಪಂಚಾಯಿತಿ ಅಥವಾ ಶಾಲೆ ಇಂಥ ತರಬೇತಿ ಇಟ್ಟುಕೊಳ್ಳುವುದಿದ್ದರೆ ಹೀಗೆ ಮಾಡಿ.

ಹಂತ 1: ಜನರನ್ನು ಆರಿಸಿ

ಹದಿನೈದು ಜನ ಸಾಕು. ಇಪ್ಪತ್ತು ದಾಟಬಾರದು. ಪದಾಧಿಕಾರಿಗಳ ಪಟ್ಟಿ ಹಿಡಿದು ಕರೆಯಬೇಡಿ. ಊರಿನವರು ಯಾರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ ಅಂತ ನೋಡಿ. ಹಾಲಿನ ಡೈರಿಯ ಕಾರ್ಯದರ್ಶಿ, ಕಟಿಂಗ್ ಶಾಪಿನವರು, ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯುವ ಅಕ್ಕ, ಅಂಗನವಾಡಿ ಟೀಚರ್, ಆಟೊ ಓಡಿಸುವವರು, ಗೊಬ್ಬರದ ಅಂಗಡಿಯವರು. ಸಾಲ ಏರಿರುವುದು, ಬೆಳೆ ಕೈಕೊಟ್ಟಿರುವುದು, ಮನೆಯಲ್ಲಿ ಜಗಳ ಆಗಿರುವುದು ಇವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಎರಡು ದಿನದಿಂದ ಯಾರ ಮನೆಯ ಹಾಲು ಬಂದಿಲ್ಲ ಅಂತ ಡೈರಿಯವರಿಗೆ ಗೊತ್ತಿರುವಷ್ಟು ಯಾವ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಓದಿದವರೇ ಬೇಕು ಅನ್ನುವವರಿಗೆ ನಾನು ಜಿಂಬಾಬ್ವೆಯ ಅಜ್ಜಿಯರ ವಿಷಯ ಹೇಳುತ್ತೇನೆ. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಹರಾರೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು ಕೆಲಸ ಶುರು ಮಾಡಿದರು. ಆಸ್ಪತ್ರೆಯ ಹೊರಗೆ ಒಂದು ಮರದ ಬೆಂಚು. ಅದರ ಮೇಲೆ ಅಜ್ಜಿ, ಪಕ್ಕದಲ್ಲಿ ನೊಂದು ಬಂದವರು. ಮುಂದೆ ಸಂಶೋಧಕರು ಅಳೆದು ನೋಡಿದಾಗ, ಅಜ್ಜಿಯರ ಜೊತೆ ಕೂತು ಮಾತಾಡಿದವರ ಸಂಕಟ ಚೆನ್ನಾಗಿಯೇ ಕಡಿಮೆಯಾಗಿತ್ತು.

ನಮ್ಮಲ್ಲೂ ಇದು ಹೊಸದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದ್ದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ನಿಮ್ಮ ಜಿಲ್ಲೆಯಲ್ಲಿ ಆ ಕಾರ್ಯಕ್ರಮ ನಡೆಸುವ ತಂಡದಿಂದ ಒಬ್ಬರನ್ನು ತರಬೇತಿಗೆ ಕರೆಯಿರಿ. ಸಮಾಜ ಕಾರ್ಯಕರ್ತರಾದರೂ ಸರಿ, ನರ್ಸ್ ಆದರೂ ಸರಿ. ಅವರಿಲ್ಲದೆ ಶುರು ಮಾಡಬೇಡಿ.

ಹಂತ 2: ನಂಬರ್‌ಗಳಿಗೆ ನೀವೇ ಫೋನ್ ಮಾಡಿ ನೋಡಿ

ತರಬೇತಿಗೆ ಬಂದವರಿಗೆ ಕೊಡಲು ಸಹಾಯದ ನಂಬರ್‌ಗಳ ಕಾರ್ಡ್ ಅಚ್ಚು ಹಾಕಿಸುವ ಮೊದಲು ಅದರಲ್ಲಿರುವ ಪ್ರತಿಯೊಂದು ನಂಬರಿಗೂ ಫೋನ್ ಮಾಡಿ. ರಾತ್ರಿ ಹತ್ತರ ಮೇಲೂ ಒಮ್ಮೆ ಮಾಡಿ. ಗೋಡೆ ಮೇಲೆ ಬರೆಸಿದ್ದ ಸಹಾಯವಾಣಿ ನಂಬರ್ ಚಾಲ್ತಿಯಲ್ಲೇ ಇಲ್ಲದ್ದನ್ನು ನಾನು ಒಂದಕ್ಕಿಂತ ಹೆಚ್ಚು ಊರಲ್ಲಿ ನೋಡಿದ್ದೇನೆ. ನಾನು ಕಾರ್ಡಿನಲ್ಲಿ ಎರಡೇ ನಂಬರ್ ಹಾಕಿಸುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಆಂಬ್ಯುಲೆನ್ಸ್ 108. ಟೆಲಿ ಮನಸ್ 2022ರ ಅಕ್ಟೋಬರ್‌ನಿಂದ ಇದೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕಾರ್ಡಿನ ಹಿಂಬದಿ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಬರೆಸಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಅದು ಸಾಮಾನ್ಯವಾಗಿ ಮಂಗಳವಾರ. ನಿಮ್ಮ ಆಸ್ಪತ್ರೆಯಲ್ಲಿ ಯಾವತ್ತು ಅಂತ ಕೇಳಿಕೊಂಡೇ ಬರೆಸಿ.

ಹಗ್ಗದ ಚಿತ್ರ, ಬಾಟಲಿ ಚಿತ್ರ ಇರುವ ಪೋಸ್ಟರ್ ಯಾರಾದರೂ ಪುಕ್ಕಟೆ ಕೊಟ್ಟರೂ ಅಂಟಿಸಬೇಡಿ. ಮೊದಲೇ ನೊಂದಿರುವವರ ಕಣ್ಣಿಗೆ ಅದು ಬೀಳಬಾರದು. ಇಂಟರ್‌ನೆಟ್‌ನಿಂದ ಇಳಿಸಿಕೊಂಡು ಯಂತ್ರದಿಂದ ಕನ್ನಡಕ್ಕೆ ತಿರುಗಿಸಿದ ಸ್ಲೈಡುಗಳೂ ಬೇಡ. ಒಂದು ಗಂಟೆ ಆನ್‌ಲೈನ್‌ನಲ್ಲಿ ಕೂರಿಸಿ ‘ಆಪ್ತಸಮಾಲೋಚಕ’ ಅಂತ ಸರ್ಟಿಫಿಕೇಟ್ ಕೊಡುವವರ ಹತ್ತಿರವಂತೂ ಹೋಗಲೇಬೇಡಿ. ಆ ಕಾಗದ ಹಿಡಿದವರು ಆಸ್ಪತ್ರೆಗೆ ಕಳಿಸಬೇಕಾದವರನ್ನು ಮನೆಯಲ್ಲೇ ಇಟ್ಟುಕೊಂಡು ‘ಕೌನ್ಸೆಲಿಂಗ್’ ಮಾಡಲು ಹೊರಡುತ್ತಾರೆ.

ಹಂತ 3: ಊರಿನ ಮಾತು ಬರೆದುಕೊಳ್ಳಿ

ಮೊದಲ ಅರ್ಧ ಗಂಟೆ ಖಾಲಿ ಚಾರ್ಟ್ ಹಿಡಿದು ನೀವು ಸುಮ್ನೆ ಕೇಳಿಸಿಕೊಳ್ಳಿ. ನಮ್ಮೂರಲ್ಲಿ ಮನಸ್ಸು ಕೆಟ್ಟವರು ಏನಂತಾರೆ? ‘ಯೋಚನೆ ಜಾಸ್ತಿ ಆಗಿದೆ’, ‘ಎದೆ ಭಾರ’, ‘ರಾತ್ರಿಯೆಲ್ಲ ಕಣ್ಣು ಮುಚ್ಚಲ್ಲ’, ‘ಸಾಕಾಗೋಗಿದೆ’, ‘ಇನ್ನೇನಿದೆ, ಎಲ್ಲ ಮುಗೀತು’. ಇವೇ ಲಕ್ಷಣಗಳು. ಖಿನ್ನತೆ ಅನ್ನುವ ಪದ ಯಾರ ಬಾಯಲ್ಲೂ ಬರುವುದಿಲ್ಲ. ಜಿಂಬಾಬ್ವೆಯ ಶೋನಾ ಭಾಷೆಯಲ್ಲೂ ‘ಕುಫುಂಗಿಸಿಸಾ’ ಅಂತಾರೆ. ಅದೂ ಯೋಚನೆ ಜಾಸ್ತಿ ಅಂತಲೇ.

ಇನ್ನೊಂದು ಮಾತು ಶುರುವಿನಲ್ಲೇ ಹೇಳಿ. ಮನೆಯವರೊಬ್ಬರು ತಾವಾಗಿ ಜೀವ ಕಳೆದುಕೊಂಡದ್ದನ್ನು ಕಂಡವರು ಪ್ರತಿ ತಂಡದಲ್ಲೂ ಒಬ್ಬರಾದರೂ ಇರುತ್ತಾರೆ. ಯಾವಾಗ ಬೇಕಾದರೂ ಅವರು ಎದ್ದು ಹೊರಗೆ ಹೋಗಬಹುದು, ಕಾರಣ ಯಾರೂ ಕೇಳುವುದಿಲ್ಲ. ಅವರ ಜೊತೆ ಹೋಗಿ ಕೂರಲು ಒಬ್ಬರನ್ನು ಮೊದಲೇ ಗೊತ್ತುಮಾಡಿಡಿ.

ಹಂತ 4: ಸಾವಿನ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿಸಿ

ಇದೇ ಕಷ್ಟದ ಹಂತ. ಎರಡು ಅರ್ಧ ದಿನ ಇಟ್ಟುಕೊಂಡಿದ್ದರೆ, ಅದರಲ್ಲಿ ಒಂದು ಅರ್ಧ ದಿನ ಪೂರ್ತಿ ಇದಕ್ಕೇ ಬೇಕು.

ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಅಂತ ಎಲ್ಲರೂ ಹೆದರುತ್ತಾರೆ. ಹಾಗಾಗುವುದಿಲ್ಲ. ಸಂಶೋಧನೆಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ನೇರವಾಗಿ ಕೇಳಿದಾಗ ಎಷ್ಟೋ ಜನರಿಗೆ ಎದೆಯ ಭಾರ ಇಳಿಯುತ್ತದೆ. ಆದರೆ ಇದನ್ನು ಹೇಳಿದ ಮಾತ್ರಕ್ಕೆ ಯಾರಿಗೂ ಬಾಯಿ ಬರುವುದಿಲ್ಲ. ಈಜು ಕಲಿತ ಹಾಗೆ, ಇಳಿದೇ ಕಲಿಯಬೇಕು.

ಮೂರು ಮೂರು ಜನರ ಗುಂಪು ಮಾಡಿ. ಒಬ್ಬರು ನೊಂದವರು, ಒಬ್ಬರು ಕೇಳುವವರು. ಮೂರನೆಯವರ ಕೈಯಲ್ಲಿ ಒಂದು ಹಿಡಿ ಹುಣಸೆ ಬೀಜ, ಮುಂದೆ ಒಂದು ಸ್ಟೀಲ್ ಲೋಟ. ಕುರ್ಚಿಗಳನ್ನು ಎದುರುಬದುರು ಹಾಕಬೇಡಿ, ಸ್ವಲ್ಪ ಓರೆಯಾಗಿ ಹಾಕಿ. ಕಣ್ಣಲ್ಲಿ ಕಣ್ಣಿಟ್ಟು ಇಂಥ ಮಾತಾಡುವುದು ನಮ್ಮವರಿಗೆ ಕಷ್ಟ. ಪಾತ್ರದ ಕಥೆಯನ್ನು ನೀವೇ ಕಟ್ಟಿ, ಚೀಟಿಯಲ್ಲಿ ಬರೆದು ಕೊಡಿ. ಊರಿನ ನಿಜವಾದ ಮನೆಯ ಕಥೆಯನ್ನು ಯಾರೂ ಆಡಿ ತೋರಿಸಬಾರದು. ಒಂದು ಕಡೆ ಹಾಗೆ ಮಾಡಿದ್ದಕ್ಕೆ ಆ ಮನೆಯವರು ಸಂತೆಯಲ್ಲಿ ತಲೆ ಎತ್ತದ ಹಾಗಾಯಿತು.

ಐದು ನಿಮಿಷ ಮಾತಾಡಲಿ. ಕೇಳುವವರು ಬುದ್ಧಿ ಹೇಳಿದಾಗಲೆಲ್ಲ ಒಂದು ಬೀಜ ಲೋಟಕ್ಕೆ. ‘ಧೈರ್ಯ ತಗೋ’ ಅಂದರೆ ಟಣ್. ‘ಮಕ್ಕಳ ಮುಖ ನೋಡು’ ಅಂದರೆ ಟಣ್. ‘ನಿನಗಿಂತ ಕಷ್ಟದಲ್ಲಿರೋರು ಇಲ್ವಾ’, ‘ದೇವರಿದ್ದಾನೆ’, ‘ನಂಗೂ ಹೀಗೇ ಆಗಿತ್ತು’ ಅಂದರೂ ಟಣ್. ಮೊದಲ ಸುತ್ತಿನಲ್ಲಿ ಹತ್ತು ಬೀಜ ಬೀಳುವುದು ಮಾಮೂಲು. ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಪ್ರತಿ ಬುದ್ಧಿಮಾತಿಗೂ ಎದುರಿಗಿರುವವರ ಮಾತು ಒಂದೊಂದು ಗೇಣು ಒಳಗೆ ಹೋಗುತ್ತದೆ. ಮೂರನೆಯ ಸುತ್ತಿನ ಹೊತ್ತಿಗೆ ಬೀಜ ಎರಡೋ ಮೂರೋ ಆಗಬೇಕು. ಆಗುವವರೆಗೆ ಮುಂದೆ ಹೋಗಬೇಡಿ.

ಆಮೇಲೆ ಪ್ರಶ್ನೆ. ನಾನು ಬಾಯಿಪಾಠ ಮಾಡಿಸುವುದು ಇಷ್ಟೇ:

‘ನೋವು ಜಾಸ್ತಿ ಆದಾಗ ಕೆಲವರಿಗೆ ಸತ್ತು ಹೋಗೋಣ ಅನ್ನಿಸುತ್ತೆ. ನಿಮಗೂ ಹಾಗೆ ಅನ್ನಿಸಿದೆಯಾ ಅಕ್ಕಾ?’

‘ಹಾಗೇನೂ ಯೋಚನೆ ಮಾಡ್ತಿಲ್ಲ ತಾನೆ?’ ಅಂತ ಕೇಳಕೂಡದು. ‘ತಾನೆ’ ಅಂದ ಕೂಡಲೇ ಎದುರಿಗಿರುವವರು ‘ಇಲ್ಲಪ್ಪ’ ಅಂದುಬಿಡುತ್ತಾರೆ. ನಮಗೆ ಬೇಕಾದ ಉತ್ತರವನ್ನು ನಾವೇ ಅವರ ಬಾಯಿಗೆ ತುರುಕಿರುತ್ತೇವೆ. ‘ಏನಾದ್ರೂ ಹೆಚ್ಚುಕಮ್ಮಿ ಮಾಡ್ಕೊಳ್ಳೋ ಯೋಚನೆ’ ಅಂತ ಸುತ್ತಿ ಬಳಸಿ ಕೇಳುವುದೂ ಬೇಡ. ಸಾವು ಅನ್ನುವ ಮಾತನ್ನು ನೀವು ಹೆದರದೆ ಆಡಿದರೆ, ಇವರ ಹತ್ತಿರ ಹೇಳಬಹುದು ಅಂತ ಅವರಿಗೂ ಗೊತ್ತಾಗುತ್ತದೆ.

ಒಂದು ತರಬೇತಿಯಲ್ಲಿ ಡೈರಿ ಕಾರ್ಯದರ್ಶಿಯೊಬ್ಬರು ಇದ್ದರು. ದೊಡ್ಡ ದನಿ, ಊರಿನ ಎಲ್ಲ ಪಂಚಾಯಿತಿಗೂ ಬೇಕಾದವರು. ಪ್ರಶ್ನೆಯ ಮೊದಲ ಅರ್ಧ ಹೇಳಿ, ‘ಸತ್ತು’ ಅನ್ನುವಲ್ಲಿ ನಿಂತರು. ನೀರು ಕುಡಿದರು. ಮತ್ತೆ ಶುರು ಮಾಡಿ ಅಲ್ಲೇ ನಿಂತರು. ಮೂರನೆಯ ಸಲ ಟವೆಲ್ಲಿನಿಂದ ಮುಖ ಒರೆಸಿಕೊಂಡು, ನೆಲ ನೋಡುತ್ತ ಪೂರ್ತಿ ಕೇಳಿದರು. ಎದುರಿಗಿದ್ದ ಅಂಗನವಾಡಿ ಟೀಚರ್ ಪಾತ್ರದಲ್ಲೇ ಇದ್ದು ‘ಹೂಂ’ ಅಂದರು. ಇವರು ತಕ್ಷಣ ‘ಹಾಗೆಲ್ಲ ಅನ್ಬಾರದು ತಾಯಿ’ ಅಂದರು. ಟಣ್.

ಇಲ್ಲಿ ಕಲಿಸಬೇಕಾದದ್ದು ಮೌನ. ‘ಹೂಂ’ ಅಂದಮೇಲೆ ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಲು ಹೇಳಿ. ಹತ್ತು ಎಣಿಸುವಷ್ಟರಲ್ಲಿ ಸಾಮಾನ್ಯವಾಗಿ ಅವರೇ ಮಾತಾಡುತ್ತಾರೆ. ಮಾತಾಡದಿದ್ದರೆ, ‘ಹೇಳಿದ್ದು ಒಳ್ಳೇದಾಯ್ತು. ನಾನು ಇಲ್ಲೇ ಇದ್ದೀನಿ. ಯಾವಾಗಿಂದ ಹೀಗನ್ನಿಸ್ತಿದೆ?’ ಅಂತ ಕೇಳಬೇಕು. ಮುಂದಿನ ಪ್ರಶ್ನೆ, ‘ಹೇಗೆ ಅಂತ ಯೋಚನೆ ಮಾಡಿದ್ದೀರಾ? ಅದಕ್ಕೆ ಬೇಕಾದ್ದು ಮನೇಲಿ ಇದೆಯಾ?’ ಇದೆ ಅಂದರೆ ಅವರನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಹೊಲದ ಔಷಧಿ, ಮಾತ್ರೆ, ಏನಿದ್ದರೂ ಆ ಹೊತ್ತೇ ಆ ಮನೆಯಿಂದ ಬೇರೆ ಮನೆಗೆ ಹೋಗಬೇಕು. ಅಟ್ಟದ ಮೇಲೆ ಬಚ್ಚಿಟ್ಟರೆ ಸಾಲದು. ಸಾಯುವ ತವಕ ಬಹಳ ಜನರಲ್ಲಿ ಅಲೆಯ ಹಾಗೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

‘ಯಾರಿಗೂ ಹೇಳಲ್ಲ ಅಂತ ಆಣೆ ಮಾಡು’ ಅಂದರೆ ಮಾಡಬೇಡಿ. ‘ಊರಿಗೆಲ್ಲ ಹೇಳಲ್ಲ. ನಿಮ್ಮ ಜೀವ ಉಳಿಸೋಕೆ ಬೇಕಾದ ಒಬ್ಬರಿಗೆ ಮಾತ್ರ ಹೇಳ್ತೀನಿ. ಯಾರಿಗೆ ಹೇಳಲಿ, ನೀವೇ ಹೇಳಿ’ ಅನ್ನಿ. ಅಲ್ಲೇ ಕೂತು ಅವರ ಎದುರಿಗೇ 14416ಕ್ಕೆ ಫೋನ್ ಮಾಡಿ, ಮಾತು ಶುರು ಮಾಡಿಕೊಟ್ಟು, ಫೋನನ್ನು ಅವರ ಕೈಗೆ ಕೊಡಬೇಕು. ಇದನ್ನೂ ತರಬೇತಿಯಲ್ಲಿ ಆಡಿಸಿ. ಕಾರ್ಡ್ ಕೊಟ್ಟು ‘ಫೋನ್ ಮಾಡಿ ಆಯ್ತಾ’ ಅಂದು ಬಂದರೆ ಆ ಕಾರ್ಡ್ ಕ್ಯಾಲೆಂಡರ್ ಹಿಂದೆ ಸೇರುತ್ತದೆ.

ಯಾರಾದರೂ ವಿಷ ತೆಗೆದುಕೊಂಡಾಗಿದ್ದರೆ ಈ ಮಾತುಕತೆ ಯಾವುದೂ ಇಲ್ಲ. ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸುವುದನ್ನು ನಮ್ಮ ಹಳ್ಳಿಗಳಲ್ಲಿ ಈಗಲೂ ಮಾಡುತ್ತಾರೆ. ಅದರಿಂದ ಶ್ವಾಸಕೋಶಕ್ಕೆ ವಿಷ ಹೋಗಿ ಜೀವಕ್ಕೇ ಅಪಾಯ. ಏನೂ ಕುಡಿಸದೆ 108ಕ್ಕೆ ಫೋನ್ ಮಾಡಿ, ಖಾಲಿ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಅದನ್ನು ನೋಡಿ ಡಾಕ್ಟರ್ ಚಿಕಿತ್ಸೆ ನಿರ್ಧರಿಸುತ್ತಾರೆ.

ಹಂತ 5: ಉಳಿದ ಎರಡು ಸಂದರ್ಭ

ಒಂದು, ಕುಡಿತ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಕ್ಕೆ ಮೈಕೈ ನಡುಕ, ಬೆವರು, ಫಿಟ್ಸ್ ಬರಬಹುದು. ಇಲ್ಲದ ಹುಳ ಗೋಡೆ ಮೇಲೆ ಕಾಣಿಸಬಹುದು. ದೆವ್ವ ಮೆಟ್ಟಿತು ಅಂತ ಮಂತ್ರ ಹಾಕಿಸಲು ಕರೆದೊಯ್ದು ಹೊತ್ತು ಕಳೆದರೆ ಜೀವ ಹೋಗುತ್ತದೆ. ನೇರ ಆಸ್ಪತ್ರೆಗೆ ನಡೆಯಿರಿ. ಮಾಲೆ ಹಾಕಿ ಒಂದೇ ದಿನಕ್ಕೆ ಕುಡಿತ ಬಿಟ್ಟವರ ಮನೆಯವರಿಗೂ ಇದು ಗೊತ್ತಿರಲಿ. ಊಟದಲ್ಲಿ ಗುಟ್ಟಾಗಿ ಬೆರೆಸಿ ಅಂತ ಮಾರುವ ‘ಕುಡಿತ ಬಿಡಿಸುವ ಪುಡಿ’ಯನ್ನು ಮುಟ್ಟಲೇಬೇಡಿ. ಅದರಲ್ಲಿ ಏನಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ.

ಇನ್ನೊಂದು, ಯಾರಿಗೂ ಕೇಳದ ದನಿ ಕೇಳಿಸಿಕೊಂಡು, ಹೆದರಿ ಕೂಗಾಡುವವರು. ಗುಂಪು ಚದುರಿಸಿ. ಒಬ್ಬರೇ ಮಾತಾಡಿ, ಮೆಲ್ಲಗೆ ಮಾತಾಡಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ‘ಅಂಥ ದನಿ ಇಲ್ಲವೇ ಇಲ್ಲ’ ಅಂತ ವಾದ ಬೇಡ, ‘ಹೌದು, ನಂಗೂ ಕೇಳ್ತಿದೆ’ ಅಂತ ಸುಳ್ಳೂ ಬೇಡ. ‘ನಿಮಗೆ ತುಂಬಾ ಭಯ ಆಗ್ತಿದೆ ಅಲ್ವಾ’ ಅನ್ನಿ. ಕಟ್ಟಿಹಾಕುವುದು, ಹೊಡೆಯುವುದು, ಮೊಬೈಲಿನಲ್ಲಿ ವಿಡಿಯೊ ಮಾಡುವುದು ಮೂರೂ ಕೂಡದು.

ಹಂತ 6: ಪೊಲೀಸ್ ಭಯ ಬಿಡಿಸಿ

ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆಗೆ ಕರೆದೊಯ್ಯದೆ ಇರುವವರು ಬಹಳ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಓದಿ ಹೇಳಿ. ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸುತ್ತದೆ. ಬೇರೆ ಏನಾದರೂ ಸಾಬೀತಾಗದ ಹೊರತು ಅವರನ್ನು ವಿಚಾರಣೆಗೆ ಒಳಪಡಿಸಿ ಶಿಕ್ಷಿಸುವಂತಿಲ್ಲ. ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆ. ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೊ ಲೀಗಲ್ ಕೇಸ್) ಅಂತ ಬರೆದುಕೊಂಡರೆ ಅದು ದಾಖಲೆ, ಶಿಕ್ಷೆಯಲ್ಲ.

ಹಂತ 7: ತಿಂಗಳು ಬಿಟ್ಟು ಮತ್ತೆ ಸೇರಿ

ಇದನ್ನು ಬಿಟ್ಟರೆ ಹಿಂದಿನ ಆರೂ ಹಂತ ದಂಡ. ಅವತ್ತು ಭಾಷಣ ಬೇಡ. ಹೆಸರು, ಬೀದಿ ಏನೂ ಹೇಳದೆ ಪ್ರತಿಯೊಬ್ಬರೂ ಹೇಳಲಿ: ಯಾರನ್ನಾದರೂ ಕೇಳಿದಿರಾ? ಎಲ್ಲಿ ಬಾಯಿ ಕಟ್ಟಿತು? ಆ ರಾತ್ರಿ ನಿಮಗೆ ನಿದ್ದೆ ಬಂತಾ? ನಿದ್ದೆ ಬರಲಿಲ್ಲ ಅಂದವರ ಜೊತೆ ಜಿಲ್ಲಾ ತಂಡದವರು ಒಂದು ಹೊತ್ತು ಕೂರಲಿ. 14416 ಅವರಿಗೂ ಇದೆ ಅಂತ ನೆನಪಿಸಿ. ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಮೊದಲ ವಾರಗಳಲ್ಲಿ ಯಾರು ಹೋಗಿ ಮಾತಾಡಿಸಿಕೊಂಡು ಬರುತ್ತಾರೆ ಅಂತ ಅಲ್ಲೇ ನಿಗದಿ ಮಾಡಿ. ಅಪಾಯ ಜಾಸ್ತಿ ಇರುವುದು ಆ ವಾರಗಳಲ್ಲೇ. ಹೋಗಿ ‘ಕಾಫಿ ಆಯ್ತಾ ಅಣ್ಣ’ ಅಂದರೂ ಸಾಕು.

ಹುಣಸೆ ಬೀಜ, ಸ್ಟೀಲ್ ಲೋಟ ಅವತ್ತೂ ಚೀಲದಲ್ಲಿರಲಿ. ಒಂದು ತಿಂಗಳಲ್ಲಿ ಬುದ್ಧಿ ಹೇಳುವ ಅಭ್ಯಾಸ ಎಲ್ಲರಿಗೂ ವಾಪಸ್ ಬಂದಿರುತ್ತದೆ.