ಬಿದ್ರಿ ಸಾಮಾನಿಗೆ ನಂಬರ್ ಹಾಕಿದ ನನ್ನ ಅನುಭವ

ಬೀದರ್‌ನಲ್ಲಿ ಒಂದು ಬಿದ್ರಿ ಹೂದಾನಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸಿದ ಹೂದಾನಿ, ಮುಗಿಯುವ ಹೊತ್ತಿಗೆ ನಾಲ್ಕೈದು ಕೈ ದಾಟಿರುತ್ತದೆ. ಎರಕ ಒಬ್ಬರ ಹತ್ತಿರ, ಕೆತ್ತನೆ ಇನ್ನೊಬ್ಬರ ಮನೆಯಲ್ಲಿ, ಬೆಳ್ಳಿ ಕೂರಿಸುವುದು ಊರ ನಡುವಿನ ಚೌಬಾರಾ ಗೋಪುರದ ಆಚೆ ಮತ್ತೊಬ್ಬರಲ್ಲಿ. ಆರ್ಡರ್ ಹಿಡಿದು ಈ ಕೆಲಸ ಹಂಚುವುದು ನನ್ನ ಪಾಲು. ಒಂದೇ ನಮೂನೆಯ ಸಾಮಾನು ಜಾಸ್ತಿ ಇದ್ದಾಗ ಯಾವುದು ಯಾರ ಹತ್ತಿರ ಇದೆ, ಯಾವುದಕ್ಕೆ ಎಷ್ಟು ಬೆಳ್ಳಿ ಹೋಯಿತು ಅನ್ನೋದು ತಲೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಪ್ರತಿಯೊಂದಕ್ಕೂ ನಂಬರ್ ಹಾಕಲು ಶುರು ಮಾಡಿದೆ.

ನಂಬರ್ ಯಾವಾಗ ಹಾಕಬೇಕು ಅನ್ನೋದೇ ದೊಡ್ಡ ಪ್ರಶ್ನೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಬಂದದ್ದು ಒರಟು. ಅರ ತಾಗಿದರೆ ಮೇಲಿನ ಗುರುತು ಹೋಯಿತು. ಕೆಲವದರಲ್ಲಿ ತೂತು ಕಂಡರೆ ಮತ್ತೆ ಕರಗಿಸಬೇಕು. ಅದಕ್ಕೆ ಎರಕದ ಹಂತದಲ್ಲಿ ಬ್ಯಾಚ್ ಮಾತ್ರ ಬರೆಯುತ್ತೇನೆ. ಅರ ಹಾಕಿ ನಯ ಮಾಡಿದ ಮೇಲೆ, ಕೆತ್ತನೆಯ ಗೆರೆ ಕಾಣಲೆಂದು ಮೈಲುತುತ್ತ ಬಳಿಯುವ ಮೊದಲು, ತಳಕ್ಕೆ ನಂಬರ್ ಪಂಚ್. ಈ ಲೋಹ ಬಾಗುವುದಿಲ್ಲ, ಒಡೆಯುತ್ತದೆ. ದಪ್ಪ ಇರುವ ಕಡೆ, ಕೆಳಗೆ ಗಟ್ಟಿ ಆಧಾರ ಕೊಟ್ಟು ಹೊಡೆಯಬೇಕು.

ದುಂಡು ತಳದಲ್ಲಿ 6 ಯಾವುದು, 9 ಯಾವುದು? 18 ತಿರುಗಿಸಿದರೆ 81. ಅದಕ್ಕೆ ನಂಬರಿನ ಎಡಕ್ಕೆ ಒಂದು ಚುಕ್ಕಿ ಹೊಡೆಯುತ್ತೇನೆ. ಡಬ್ಬಿಯ ಮುಚ್ಚಳಕ್ಕೂ ಅದೇ ನಂಬರ್, ಆದರೆ ಎರಡು ಚುಕ್ಕಿ. ಅರ ಹಾಕಿ ಜೋಡಿಸಿದ ಮುಚ್ಚಳ ಬೇರೆ ಡಬ್ಬಿಗೆ ಸರಿಯಾಗಿ ಕೂರಲ್ಲ.

ಕೆಲಸ ಮಾಡುವ ಉಸ್ತಾದರಿಗೆ ಇದು ಮೊದಲು ಹಿಡಿಸಲಿಲ್ಲ. “ನಂಬರ್ ಯಾಕ್ ಬೇಕ್ರಿ? ನಮ್ ಕೈ ಕೆಲ್ಸ ನಮ್ಗ ಗೊತ್ತಾಗಲ್ಲೇನ್ರಿ?” ಅಂದರು. ಅವರಿಗೆ ಗೊತ್ತಾಗುತ್ತೆ, ಲೆಕ್ಕ ಬರೆಯುವ ನನಗೆ ಗೊತ್ತಾಗಬೇಕಲ್ವಾ!

ಅವರಿಂದ ಏನನ್ನೂ ಬರೆಸುವುದಿಲ್ಲ. ಸಾಮಾನು ಕೈ ಬದಲಿಸುವಾಗ ನಾನೇ ಒಂದು ಸಾಲು ಬರೆಯುತ್ತೇನೆ: ನಂಬರ್, ಯಾರಿಗೆ, ತಾರೀಖು, ತೂಕ. ಜೊತೆಗೆ ಎಲ್ಲವನ್ನೂ ಬೋರಲು ಇಟ್ಟು ಫೋನಿನಲ್ಲಿ ಒಂದು ಫೋಟೋ. ಹಂತ ಹಂತಕ್ಕೂ ಬರೆಯಲು ಹೋದರೆ ಸುಮ್ನೆ ಪುಸ್ತಕ ತುಂಬುತ್ತೆ.

ತೂಕ ಮಾತ್ರ ಬಿಡಬಾರದು. ಬೆಳ್ಳಿ ತಂತಿ ತೂಗಿ ಕೊಡುತ್ತೇನೆ, ಉಳಿದ ತುಂಡು ತೂಗಿ ವಾಪಸ್ ತಗೊಳ್ಳುತ್ತೇನೆ. ಬೆಳ್ಳಿ ಕೂರಿಸಿದ ಮೇಲೆ ಸಾಮಾನಿನ ತೂಕ ಅಷ್ಟೇ ಏರಿರಬೇಕು. ಏರದಿದ್ದರೆ ನಂಬರ್ ಅದಲುಬದಲಾಗಿದೆ, ಇಲ್ಲವೇ ತುಂಡು ಎಲ್ಲೋ ಉಳಿದಿದೆ. ಆಮೇಲೆ ಅರದಲ್ಲಿ ಉದುರುವ ಪುಡಿ ಬೇರೆ ಲೆಕ್ಕ.

ಬಾರ್‌ಕೋಡ್ ಅಂಟಿಸಿ ಅಂತ ಹೇಳಿದವರೂ ಇದ್ದಾರೆ. ಕೊನೆಗೆ ಸಾಮಾನನ್ನು ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ಉಜ್ಜುತ್ತಾರೆ. ಲೋಹ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಹೊಳೆಯುತ್ತೆ. ಆ ಉಜ್ಜಾಟದಲ್ಲಿ ಯಾವ ಸ್ಟಿಕ್ಕರ್ ಉಳಿಯುತ್ತೆ? ಪಂಚ್ ಉಳಿಯುತ್ತೆ, ಆದರೆ ಕಪ್ಪಲ್ಲಿ ಕಪ್ಪು. ಸೀಮೆಸುಣ್ಣ ಉಜ್ಜಿ ಒರೆಸಿದರೆ ಗುಳಿಯಲ್ಲಿ ಬಿಳಿ ನಿಂತು ಓದಲು ಬರುತ್ತದೆ. ಎಣ್ಣೆ ಸವರುವ ಮೊದಲೇ ಇದನ್ನು ಮಾಡಬೇಕು.

ಒಡೆದ ಸಾಮಾನಿನ ನಂಬರನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಪುಸ್ತಕದಲ್ಲಿ ಅಡ್ಡಗೆರೆ ಎಳೆದು ಕಾರಣ ಬರೆಯುತ್ತೇನೆ. ಗಿರಾಕಿಗಳು 1ರಿಂದ 50ರ ತನಕ ಸಾಲಾಗಿ ಬೇಕು ಅಂದರೆ ಆ ನಂಬರನ್ನು ಪ್ಯಾಕಿಂಗ್ ಡಬ್ಬದ ಮೇಲೆ ಬರೆದು, ಪುಸ್ತಕದಲ್ಲಿ ನಮ್ಮ ನಂಬರಿನ ಪಕ್ಕ ಸೇರಿಸುತ್ತೇನೆ.