ಹೈಡ್ರಿಲ್ಲಾ ಎಲೆ, ಈರುಳ್ಳಿ ಪೊರೆ: ಕೋಶದ ಶಕ್ತಿಕೇಂದ್ರಗಳನ್ನು ನೋಡುವ ಬಗೆ

ಗಿಡಕ್ಕೆ ಕ್ಲೋರೋಪ್ಲಾಸ್ಟ್ (ಬೆಳಕಿನಿಂದ ಸಕ್ಕರೆ ಮಾಡುವ ಹಸಿರು ಕಣ), ಪ್ರಾಣಿಗೆ ಮೈಟೋಕಾಂಡ್ರಿಯ (ಸಕ್ಕರೆಯಿಂದ ಶಕ್ತಿ ತೆಗೆಯುವ ಕಣ) ಎಂದು ಪಾಲು ಹಂಚಿಬಿಡುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಗಿಡಕ್ಕೂ ಮೈಟೋಕಾಂಡ್ರಿಯ ಬೇಕೇ ಬೇಕು. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಎರಡು ಸ್ಲೈಡ್ ಮಾಡಿ ತೋರಿಸುವುದು ಮೇಲು.

ಮೊದಲನೆಯದು ಹೈಡ್ರಿಲ್ಲಾ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಕೆರೆಗಳಲ್ಲಂತೂ ಬೇಡವೆಂದರೂ ಬೆಳೆದಿರುತ್ತದೆ. ಗಿಡವನ್ನು ಒಂದು ಗಂಟೆ ಬೆಳಕಿಗಿಟ್ಟು, ತುದಿಯ ಎಳೆ ಎಲೆ ಕಿತ್ತು, ಅದೇ ನೀರಿನ ಹನಿಯಲ್ಲಿಟ್ಟು ಕವರ್ ಸ್ಲಿಪ್ ಮುಚ್ಚಿ. ಎಲೆ ಎರಡೇ ಕೋಶದಷ್ಟು ದಪ್ಪ, ಆದ್ದರಿಂದ ಸೀಳುವ ಕೆಲಸವಿಲ್ಲ. ಮಧ್ಯನರದ ಪಕ್ಕದ ಕೋಶಗಳನ್ನು 400 ಪಟ್ಟು ಹಿಗ್ಗಿಸಿ ನೋಡಿ. ಸುಮಾರು 5 ಮೈಕ್ರೋಮೀಟರಿನ ಹಸಿರು ಕ್ಲೋರೋಪ್ಲಾಸ್ಟ್‌ಗಳು ಗೋಡೆಯಗುಂಟ ಸುತ್ತುತ್ತಿರುತ್ತವೆ. ಅವುಗಳನ್ನು ಹೊತ್ತು ಸಾಗಿಸುವುದು ರಸದಾನಿಯ (ಕೋಶದ ನಡುವಿನ ರಸ ತುಂಬಿದ ಚೀಲ) ಸುತ್ತ ಹರಿಯುವ ಕೋಶದ್ರವ್ಯ. ಆ ಹರಿವಿಗೆ ಖರ್ಚಾಗುವುದು ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಣು. ಚಲನೆ ಕಾಣದಿದ್ದರೆ ನೀರು ತಣ್ಣಗಿರಬಹುದು, ಇಲ್ಲವೇ ಎಲೆ ಜಜ್ಜಿಹೋಗಿರಬಹುದು. ಬೆಳಕಿನಲ್ಲಿ ಕೆಲವು ನಿಮಿಷ ಕಾಯಿರಿ.

ಎರಡನೆಯದಕ್ಕೆ ಈರುಳ್ಳಿ ಪದರದ ಒಳಮೈಯ ಪೊರೆ ಸಾಕು. ಇಲ್ಲಿ ಹಸಿರೇ ಇಲ್ಲ. ಎಲೆಗಳು ಮಾಡಿ ಕಳುಹಿಸಿದ ಸಕ್ಕರೆಯೇ ಇದರ ಬಂಡವಾಳ. 100 ಮಿ.ಲೀ. ನೀರಿಗೆ 0.2 ಗ್ರಾಂ ಜಾನಸ್ ಗ್ರೀನ್ ಬಿ ಬಣ್ಣ ಕರಗಿಸಿ. ಅದರಲ್ಲಿ 1 ಮಿ.ಲೀ. ತೆಗೆದು 5% ಸಕ್ಕರೆ ದ್ರಾವಣದ 9 ಮಿ.ಲೀ.ಗೆ ಬೆರೆಸಿ, ಪೊರೆಯ ಚೂರನ್ನು 10–15 ನಿಮಿಷ ಮುಳುಗಿಸಿಡಿ. ಸಕ್ಕರೆ ಬಿಡಬೇಡಿ, ಬರಿನೀರಿನಲ್ಲಿ ಕೋಶಗಳು ಬೇಗ ಕೆಡುತ್ತವೆ. 100 ಪಟ್ಟಿನ ಮಸೂರಕ್ಕೆ ಇಮ್ಮರ್ಶನ್ ಎಣ್ಣೆ ಹಾಕಿ ನೋಡಿದರೆ ನೀಲಿಹಸಿರು ಚುಕ್ಕೆ, ಚಿಕ್ಕ ಕಡ್ಡಿಗಳು ಕಾಣುತ್ತವೆ. ಅವೇ ಮೈಟೋಕಾಂಡ್ರಿಯ. ಬಣ್ಣವಿಲ್ಲದೆ ಮಿನುಗುವ ಚುಕ್ಕೆಗಳು ಎಣ್ಣೆಹನಿಗಳು, ಮೋಸಹೋಗಬೇಡಿ.

ಬಣ್ಣ ಅಲ್ಲೇ ಉಳಿಯುವುದಕ್ಕೆ ಕಾರಣವಿದೆ. ಕೋಶದ ಉಳಿದೆಡೆ ಬಣ್ಣ ಅಪಕರ್ಷಣೆಗೊಂಡು (ಎಲೆಕ್ಟ್ರಾನ್ ಪಡೆದು) ಮಾಸುತ್ತದೆ. ಮೈಟೋಕಾಂಡ್ರಿಯದಲ್ಲಿ ಆಮ್ಲಜನಕ ಬಳಸುವ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ಉತ್ಕರ್ಷಿತ (ಎಲೆಕ್ಟ್ರಾನ್ ಕಳೆದುಕೊಂಡ, ಬಣ್ಣವಿರುವ) ಸ್ಥಿತಿಯಲ್ಲೇ ಹಿಡಿದಿಡುತ್ತದೆ. ಇದೇ ಕಿಣ್ವ ಕೋಶದೊಳಗಿನ ಉಸಿರಾಟದ ಕೊನೆಯ ಹಂತದ್ದು. ಆ ಉಸಿರಾಟದಲ್ಲಿ ಒಂದು ಗ್ಲೂಕೋಸ್‌ನಿಂದ 36–38 ಎಟಿಪಿ ಎಂಬುದು ಹಳೆಯ ಪುಸ್ತಕಗಳ ಲೆಕ್ಕ; ಈಗ ಒಪ್ಪಿರುವುದು ಸುಮಾರು 30–32.

ಇಡೀ ಕೋಶ, ಅದರಲ್ಲೂ ಕೋಶಕೇಂದ್ರ, ಬಣ್ಣ ಹೀರಿದ್ದರೆ ಕೋಶ ಸತ್ತಿದೆ ಎಂದರ್ಥ, ದ್ರಾವಣ ಗಾಢವಾಗಿರಬಹುದು. ಚುಕ್ಕೆಗಳು ಗುಲಾಬಿಗೆ ತಿರುಗಿದರೆ ಕವರ್ ಸ್ಲಿಪ್ ಅಡಿಯ ಆಮ್ಲಜನಕ ಮುಗಿದಿದೆ. ಅದನ್ನು ಸರಿಪಡಿಸಲು ಹೋಗದೆ ಹೊಸ ಸ್ಲೈಡ್ ಮಾಡಿ.