ಬಿಗಿದಾರದ ನಿಂಫಿಂಗ್: ನಾನು ಕಟ್ಟುವ, ಎಸೆಯುವ, ತಿದ್ದುವ ಬಗೆ

ಟ್ರೌಟ್ ಮೀನು ನೀರಿನ ಮೇಲಕ್ಕೆ ಬಂದು ನೊಣ ಹಿಡಿಯುವುದು ನೋಡಲು ಚೆಂದ. ಆದರೆ ಅದರ ಊಟದ ಬಹುಪಾಲು ನಡೆಯುವುದು ತಳದಲ್ಲಿ, ಕಲ್ಲುಗಳ ಸಂದಿನಿಂದ ಜಾರಿ ಬರುವ ಕೀಟದ ಮರಿಗಳ ಮೇಲೆ. ಆ ಮರಿಗಳೇ ನಿಂಫ್. ಅವುಗಳ ನಕಲನ್ನು ಬೆಂಡಿಲ್ಲದೆ, ದಾರ ಸಡಿಲ ಬಿಡದೆ ತಳದಲ್ಲಿ ಸಾಗಿಸುವುದೇ ಬಿಗಿದಾರದ ನಿಂಫಿಂಗ್. ಯೂರೋ ನಿಂಫಿಂಗ್ ಎಂಬ ಹೆಸರೂ ಇದಕ್ಕಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬೆಂಡು, ಸೀಸದ ಗುಂಡು ಎರಡಕ್ಕೂ ಅವಕಾಶವಿಲ್ಲ. ಹಾಗಾಗಿ ಪೋಲೆಂಡ್, ಜೆಕ್, ಫ್ರಾನ್ಸ್, ಸ್ಪೇನ್‌ನವರು ತೂಕವನ್ನೆಲ್ಲ ಫ್ಲೈ (ಕೊಕ್ಕೆಗೆ ಕಟ್ಟಿದ ಕೀಟದ ನಕಲು) ಒಳಗೇ ಕಟ್ಟುವ ದಾರಿ ಹಿಡಿದರು.

ನಾನು ಇದನ್ನು ಕಲಿತದ್ದು ಪೆನ್ಸಿಲ್ವೇನಿಯಾದ ಸ್ಪ್ರಿಂಗ್ ಕ್ರೀಕ್‌ನಲ್ಲಿ. ಸ್ಟೇಟ್ ಕಾಲೇಜ್, ಬೆಲ್‌ಫಾಂಟ್ ಊರುಗಳ ಪಕ್ಕ ಹರಿದು ಮೈಲ್ಸ್‌ಬರ್ಗ್ ಬಳಿ ಬಾಲ್ಡ್ ಈಗಲ್ ಕ್ರೀಕ್ ಸೇರುವ ಹೊಳೆ ಇದು. ಸುಣ್ಣಕಲ್ಲಿನ ಬುಗ್ಗೆಗಳಿಂದ ತುಂಬುವುದರಿಂದ ನೀರು ಬೇಸಿಗೆಯಲ್ಲೂ ತಂಪು. ಕಾಡು ಬ್ರೌನ್ ಟ್ರೌಟ್ ಧಾರಾಳವಾಗಿವೆ, ಆಳ ಹೆಚ್ಚಿನ ಕಡೆ ಮೊಣಕಾಲಿನಿಂದ ತೊಡೆಯವರೆಗೆ. ಹಿಡಿದ ಮೀನನ್ನು ಬಿಟ್ಟುಬಿಡಬೇಕು. ಫಿಶರ್‌ಮನ್ಸ್ ಪ್ಯಾರಡೈಸ್ ಎಂಬ ಭಾಗದಲ್ಲಿ ನೀರಿಗೆ ಇಳಿಯುವಂತೆಯೇ ಇಲ್ಲ, ದಡದಿಂದಲೇ ಎಸೆಯಬೇಕು.

ಊರಲ್ಲಿ ಬಿದಿರು ಕೋಲಿಗೆ ದಾರ ಕಟ್ಟಿ ಗಾಳ ಹಾಕಿದವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಫ್ಲೈ ಕಾಸ್ಟಿಂಗ್ ಚೆನ್ನಾಗಿ ಬಲ್ಲವರಿಗೇ ಕಷ್ಟ. ಅವರ ಕೈ ದಾರದ ಭಾರವನ್ನು ಎಸೆಯುತ್ತದೆ, ಇಲ್ಲಿ ಎಸೆಯಬೇಕಾದ್ದು ಫ್ಲೈಯ ಭಾರವನ್ನು.

ರಾಡ್ ಉದ್ದವಿರಬೇಕು. ನನ್ನದು ಹತ್ತೂವರೆ ಅಡಿ, 3 ವೇಟ್ (ರಾಡ್ ಹೊರುವ ದಾರದ ತೂಕದ ಅಂಕೆ, ಕಡಿಮೆಯಾದಷ್ಟು ರಾಡ್ ನಾಜೂಕು). ಒಂಬತ್ತು ಅಡಿಯ 5 ವೇಟ್‌ನಲ್ಲೂ ಶುರು ಮಾಡಬಹುದು, ಆದರೆ ಅದರ ತುದಿ ಗಡಸು. ಸಣ್ಣ ಕಚ್ಚು ಕೈಗೆ ತಿಳಿಯುವುದಿಲ್ಲ, ತೆಳು ಟಿಪ್ಪೆಟ್ (ಫ್ಲೈ ಕಟ್ಟುವ ಕೊನೆಯ ಎಳೆ) ಪಟ್ಟೆಂದು ಹರಿಯುತ್ತದೆ. ರೀಲ್ ಸ್ವಲ್ಪ ತೂಕದ್ದೇ ಇರಲಿ. ದಿನವಿಡೀ ರಾಡ್ ಎತ್ತಿ ಹಿಡಿಯುವ ಕೆಲಸ ಇದು; ಹಗುರ ರೀಲ್ ಹಾಕಿದರೆ ತುದಿಯ ಭಾರಕ್ಕೆ ಮಧ್ಯಾಹ್ನದ ಹೊತ್ತಿಗೆ ಮುಂಗೈ ಸೋಲುತ್ತದೆ.

ಲೀಡರ್, ಅಂದರೆ ಮುಖ್ಯ ದಾರಕ್ಕೂ ಫ್ಲೈಗೂ ನಡುವಿನ ಎಳೆ, ನಾನೇ ಕಟ್ಟುತ್ತೇನೆ. ಮ್ಯಾಕ್ಸಿಮಾ ಕಮೀಲಿಯನ್ ಎಂಬ ನೈಲಾನ್ ಎಳೆಯಲ್ಲಿ 20 ಪೌಂಡ್ ತಾಳುವಂಥದ್ದು ಒಂಬತ್ತು ಅಡಿ, 12 ಪೌಂಡಿನದು ನಾಲ್ಕು ಅಡಿ, 8 ಪೌಂಡಿನದು ಎರಡು ಅಡಿ, ಒಂದಕ್ಕೊಂದು ಬ್ಲಡ್ ನಾಟ್ ಎಂಬ ಗಂಟು. ಅದರ ಕೆಳಗೆ 1ಎಕ್ಸ್ (ಈ ಅಂಕೆ ಹೆಚ್ಚಾದಷ್ಟು ಎಳೆ ತೆಳು) ದಪ್ಪದ ಎರಡು ಬಣ್ಣದ ಸೈಟರ್ ಒಂದೂವರೆ ಅಡಿ, ಅದರ ತುದಿಗೆ ಎರಡು ಮಿಲಿಮೀಟರ್‌ನ ಟಿಪ್ಪೆಟ್ ರಿಂಗ್. ಅಲ್ಲಿಂದ ಕೊನೆಯ ಫ್ಲೈವರೆಗೆ 5ಎಕ್ಸ್ ಅಥವಾ 6ಎಕ್ಸ್ ಫ್ಲೋರೋಕಾರ್ಬನ್, ನಾಲ್ಕೂವರೆ ಅಡಿ. ಒಟ್ಟು ಇಪ್ಪತ್ತೊಂದು ಅಡಿ, ರಾಡ್‌ನ ಸರಿಯಾಗಿ ಎರಡರಷ್ಟು. ಸ್ಪರ್ಧೆಯ ನಿಯಮದ ಗರಿಷ್ಠ ಮಿತಿಯೂ ಅಷ್ಟೇ. ಫ್ಲೈಗೆ ಮಾತ್ರ ಮೀಸಲಾದ ಕೆಲವು ನೀರುಗಳಲ್ಲಿ ಲೀಡರ್ ಉದ್ದಕ್ಕೆ ಬೇರೆ ಮಿತಿ ಇರಬಹುದು, ಪರವಾನಗಿ ಕೊಳ್ಳುವಾಗ ಆ ವರ್ಷದ ನಿಯಮ ಓದಿಕೊಳ್ಳಿ.

ಸೈಟರ್ ಕಣ್ಣಿಗೆ ಕಾಣುವ ತುಂಡು, ನೀರಿನ ಮೇಲೇ ಇರಬೇಕು. ನೀರೊಳಗೆ ಹೋಗಬೇಕಾದ್ದು ಟಿಪ್ಪೆಟ್ ಮಾತ್ರ. 5ಎಕ್ಸ್ 0.15 ಮಿಲಿಮೀಟರ್, 6ಎಕ್ಸ್ ಸುಮಾರು 0.13. ಕೂದಲೆಳೆಯ ವ್ಯತ್ಯಾಸ ಅನಿಸಬಹುದು. ಆದರೆ ಹರಿವು ಒತ್ತುವುದು ಆ ದಪ್ಪದ ಮೇಲೆಯೇ. ಫ್ಲೈ ತಳ ಮುಟ್ಟುತ್ತಿಲ್ಲ ಅಂದರೆ ನಾನು ಒಮ್ಮೊಮ್ಮೆ ಬೀಡ್ (ಫ್ಲೈಗೆ ತೂಕ ಕೊಡುವ ಮಣಿ) ಬದಲಿಸುವ ಬದಲು 6ಎಕ್ಸ್‌ಗೆ ಇಳಿಯುತ್ತೇನೆ, ಅದೇ ಫ್ಲೈ ಬೇಗ ಮುಳುಗುತ್ತದೆ.

ಎರಡು ಫ್ಲೈ ಕಟ್ಟುವಾಗ ಹೆಚ್ಚಿನವರು ಎಡವುವುದು ಡ್ರಾಪರ್ ಗಂಟಿನಲ್ಲಿ, ಅಂದರೆ ಮೇಲಿನ ಫ್ಲೈಗೆ ಬಾಲ ಬಿಡುವ ಗಂಟಿನಲ್ಲಿ. ಮೇಲಿನ ತುಂಡನ್ನೂ ಕೆಳಗಿನ ತುಂಡನ್ನೂ ಒಂದು ಗೇಣು ಒಟ್ಟಿಗೆ ಹಿಡಿದು, ಕುಣಿಕೆ ಮಾಡಿ, ಎರಡನ್ನೂ ಸೇರಿಸಿ ಮೂರು ಸಲ ತೂರಿಸಿ. ಎಂಜಲು ಹಚ್ಚಿ, ನಾಲ್ಕೂ ಎಳೆಗಳನ್ನು ಸಮನಾಗಿ ಎಳೆಯಿರಿ. ಒಣ ಗಂಟು ಬಿಸಿಯಾಗಿ ಸುರುಳಿ ಬೀಳುತ್ತದೆ, ಸುರುಳಿ ಬಿದ್ದ ಗಂಟನ್ನು ನಂಬಬೇಡಿ. ಈಗ ಎರಡು ಬಾಲ ಉಳಿದಿವೆ. ಒಂದು ರಾಡ್ ಕಡೆ ಮುಖ ಮಾಡಿದೆ, ಇನ್ನೊಂದು ಕೆಳಕ್ಕೆ. ಮೇಲಕ್ಕೆ ನಿಂತದ್ದನ್ನು ಕತ್ತರಿಸಿ, ಕೆಳಕ್ಕೆ ಇಳಿದದ್ದನ್ನು ಅರ್ಧ ಗೇಣು, ಅಂದರೆ ಐದು ಇಂಚು, ಉಳಿಸಿ. ಅದು ರಾಡ್‌ನಿಂದ ಬಂದ ಎಳೆಯದೇ ಮುಂದುವರಿಕೆ, ಮೀನು ಎಷ್ಟು ಜಗ್ಗಿದರೂ ಗಂಟು ಬಿಗಿಯಾಗುತ್ತದೆಯೇ ಹೊರತು ಸುಲಿದು ಬರುವುದಿಲ್ಲ. ಗಂಟಿನಿಂದ ಕೆಳಗಿನ ಫ್ಲೈಗೆ ಇಪ್ಪತ್ತು ಇಂಚು. ಡ್ರಾಪರ್ ಬಾಲ ಏಳೆಂಟು ಇಂಚು ಬಿಟ್ಟರೆ ಮೂಲ ಎಳೆಗೆ ಸುತ್ತಿಕೊಳ್ಳುತ್ತದೆ. ಮೂರಕ್ಕಿಂತ ಕಡಿಮೆಯಾದರೆ ಫ್ಲೈ ಬದಲಿಸಲು ದಾರ ಸಾಲುವುದಿಲ್ಲ.

ನನ್ನ ಡಬ್ಬಿಯಲ್ಲಿ ಬಗೆಗಳು ಕಡಿಮೆ, ತೂಕಗಳು ಹೆಚ್ಚು. ವಾಲ್ಟ್ಸ್ ವರ್ಮ್, ಫ್ರೆಂಚಿ, ಪರ್ಡಿಗೋನ್ ಮೂರೇ ಮಾದರಿ, ಮುಳ್ಳಿಲ್ಲದ 14 ಮತ್ತು 16ನೇ ನಂಬರಿನ ಜಿಗ್ ಕೊಕ್ಕೆಗಳಲ್ಲಿ. ಪ್ರತಿಯೊಂದೂ 2.3, 2.8, 3.3 ಮಿಲಿಮೀಟರ್ ಟಂಗ್‌ಸ್ಟನ್ ಬೀಡ್‌ನಲ್ಲಿ. ಅದೇ ಗಾತ್ರದ ಹಿತ್ತಾಳೆ ಬೀಡ್‌ಗೆ ಇದರ ಅರ್ಧ ತೂಕವೂ ಇರುವುದಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದರೆ ಒಮ್ಮೆ ಕೇಳಿಯೇ ಕೊಳ್ಳಿ. ಸ್ಪ್ರಿಂಗ್ ಕ್ರೀಕ್‌ನ ಪಾಚಿಯಲ್ಲಿ ಕ್ರೆಸ್‌ಬಗ್, ಸ್ಕಡ್ ಎಂಬ ಪುಟ್ಟ ಸಿಗಡಿಯಂಥ ಜೀವಿಗಳು ಹೇರಳ, ಬೂದುಬಣ್ಣದ ವಾಲ್ಟ್ಸ್ ವರ್ಮ್ ಎರಡಕ್ಕೂ ಹೊಂದುತ್ತದೆ. ಮೊಣಕಾಲಿನಾಳದ ಸಾಧಾರಣ ಹರಿವಿಗೆ ಕೆಳಗೆ 2.8, ಮೇಲೆ 2.3 ಕಟ್ಟಿ ಶುರು ಮಾಡುತ್ತೇನೆ. ಮೀನು ಸಿಗದಿದ್ದರೆ ಮೊದಲು ತೂಕ ಬದಲಿಸುತ್ತೇನೆ, ಆಮೇಲೆ ಸಾಗುವ ಗೆರೆ, ಮಾದರಿ ಎಲ್ಲಕ್ಕಿಂತ ಕೊನೆಗೆ.

ಎಸೆಯುವುದು ಹೀಗೆ. ಹರಿವಿಗೆ ಎದುರಾಗಿ, ಸ್ವಲ್ಪ ಓರೆಯಾಗಿ ನಿಲ್ಲಿ. ದೂರ ಬೇಡ, ರಾಡ್‌ನ ಎರಡರಷ್ಟು ದೂರ ಧಾರಾಳವಾಯಿತು. ಹಿಂದಿನ ಎಸೆತದ ಫ್ಲೈಗಳು ಕೆಳಹರಿವಿನಲ್ಲಿ ದಾರ ಬಿಗಿದು ನೇತಾಡುತ್ತಿರುವಾಗಲೇ ಅಗಲವಾದ ಮೊಟ್ಟೆಯಾಕಾರದಲ್ಲಿ ರಾಡ್ ತಿರುಗಿಸಿ ಮುಂದಕ್ಕೆ ಬೀಸಿ. ಝಾಡಿಸಿದರೆ ಎರಡು ಫ್ಲೈಗಳು ಗಾಳಿಯಲ್ಲೇ ತೊಡಕಾಗುತ್ತವೆ. ನನ್ನ ಮೊದಲ ತಿಂಗಳ ತೊಡಕುಗಳಿಗೆಲ್ಲ ಇದೇ ಕಾರಣ. ತುದಿಯನ್ನು ಎತ್ತರದಲ್ಲೇ ಗಕ್ಕನೆ ನಿಲ್ಲಿಸಿ. ಆಗ ಫ್ಲೈ ಮೂಗು ತಗ್ಗಿಸಿ ಮೊದಲು ನೀರಿಗೆ ಹೋಗುತ್ತದೆ, ಟಿಪ್ಪೆಟ್ ಅದೇ ತೂತಿನಿಂದ ಹಿಂಬಾಲಿಸುತ್ತದೆ. ರಾಡ್ ತಗ್ಗಿಸಿಬಿಟ್ಟರೆ ಟಿಪ್ಪೆಟ್ ನೀರಿನ ಮೇಲೆ ಉದ್ದಕ್ಕೆ ಮಲಗುತ್ತದೆ, ಫ್ಲೈ ಇಳಿಯುವ ಮೊದಲೇ ಅರ್ಧ ದಾರಿ ಮುಗಿದಿರುತ್ತದೆ.

ಫ್ಲೈ ಬಿದ್ದ ತಕ್ಷಣ ಎಡಗೈ ಸಡಿಲ ದಾರವನ್ನು ಎಳೆದುಕೊಳ್ಳಬೇಕು, ರಾಡ್ ತುದಿ ಮೆಲ್ಲಗೆ ಮೇಲೇಳಬೇಕು. ಸೈಟರ್ ನೇರವಾಗುತ್ತದೆ. ಅದರ ಕೆಳತುದಿ ನೀರಿನಿಂದ ಐದಾರು ಇಂಚು ಮೇಲೆ, ಓರೆ ಸುಮಾರು 45 ಡಿಗ್ರಿ.

ಈಗ ನೋಡಬೇಕಾದ್ದು ಸೈಟರ್‌ನ ಪಕ್ಕದ ನೊರೆಗುಳ್ಳೆ. ಹೊಳೆಯ ಮೇಲ್ಪದರ ಓಡುತ್ತದೆ, ತಳದ ನೀರು ಕಲ್ಲಿಗೆ ಉಜ್ಜಿಕೊಂಡು ತಡವಾಗಿ ಸಾಗುತ್ತದೆ. ಟ್ರೌಟ್ ನಿಂತಿರುವುದು ಆ ನಿಧಾನದ ಪದರದಲ್ಲಿ. ಬೆಂಡು ಮೇಲಿನ ನೀರಿನ ಜೊತೆ ಓಡಿ ಕೆಳಗಿನ ಫ್ಲೈಯನ್ನು ಎಳೆದೊಯ್ಯುತ್ತದೆ, ನಾವು ಬೆಂಡು ಬಿಟ್ಟದ್ದೇ ಈ ಕಾರಣಕ್ಕೆ. ಹಾಗಾಗಿ ಗುಳ್ಳೆ ಸೈಟರನ್ನು ಹಿಂದೆ ಹಾಕಿ ಹೋಗಬೇಕು. ಸೈಟರ್ ಗುಳ್ಳೆಯ ಜೊತೆಜೊತೆಗೇ ಹೋದರೆ ಫ್ಲೈ ಇನ್ನೂ ತಳದ ನೀರಿಗೆ ಇಳಿದಿಲ್ಲ: ತೂಕ ಸಾಲದು, ಇಲ್ಲವೇ ನಿಮ್ಮ ಕೈ ಮುಂದೆ ಎಳೆಯುತ್ತಿದೆ. ಸೈಟರ್ ತಡೆತಡೆದು ನಡುಗುತ್ತಾ ಬಂದರೆ ಫ್ಲೈ ಕಲ್ಲಿನಿಂದ ಕಲ್ಲಿಗೆ ಬಡಿಯುತ್ತಿದೆ, ತೂಕ ಹೆಚ್ಚಾಯಿತು. ನಾಲ್ಕೈದು ಎಸೆತಕ್ಕೊಮ್ಮೆ ತಳ ತಾಗಿದರೆ ಸರಿ.

ರಾಡ್ ತುದಿ ಸೈಟರ್‌ನ ಜೊತೆ ಹೋಗಬೇಕು, ಅದನ್ನು ಎಳೆಯಬಾರದು. ಹೊಸಬರ ಕೈ ಎಳೆದೇ ಎಳೆಯುತ್ತದೆ, ದಾರ ಬಿಗಿ ಇರಬೇಕೆಂದು ಹೇಳಿಕೊಟ್ಟಿರುತ್ತಾರಲ್ಲ. ಬಿಗಿ ಎಂದರೆ ಜೋತು ಬೀಳದಷ್ಟು, ಅಷ್ಟೇ. ಎಳೆದರೆ ಫ್ಲೈ ತಳ ಬಿಟ್ಟು ಮೇಲೇಳುತ್ತದೆ, ಜೊತೆಗೆ ನಿಮ್ಮ ಕಡೆಗೆ ಅಡ್ಡಕ್ಕೂ ಬರುತ್ತದೆ. ಹೆಚ್ಚಿನ ಕೀಟಗಳು ಹೊಳೆಯಲ್ಲಿ ಹಾಗೆ ಅಡ್ಡ ಈಜುವುದಿಲ್ಲ.

ಕಚ್ಚು ಸಾಮಾನ್ಯವಾಗಿ ಎಳೆತವಾಗಿ ಬರುವುದಿಲ್ಲ. ಸೈಟರ್ ಅರೆಕ್ಷಣ ನಿಲ್ಲುತ್ತದೆ, ಅಥವಾ ಅರ್ಧ ಇಂಚು ಮೇಲ್ಹರಿವಿಗೆ ಸರಿಯುತ್ತದೆ, ಅಥವಾ ಬಿಗಿಯಿದ್ದದ್ದು ಸುಮ್ಮನೆ ಸಡಿಲವಾಗುತ್ತದೆ. ಕಲ್ಲೋ ಮೀನೋ ಎಂದು ಯೋಚಿಸುವಷ್ಟರಲ್ಲಿ ಟ್ರೌಟ್ ಉಗುಳಿಯಾಗಿರುತ್ತದೆ. ಅನುಮಾನ ಬಂದ ಪ್ರತಿ ಸಲವೂ ತುದಿಯನ್ನು ತಗ್ಗಿನಲ್ಲೇ ಕೆಳಹರಿವಿನ ಕಡೆ ಒಂದು ಗೇಣು ಸರಿಸಿ. ಮೇಲಕ್ಕೆ ಎತ್ತಬೇಡಿ. ಮೀನು ಹರಿವಿಗೆ ಎದುರಾಗಿ ನಿಂತಿರುತ್ತದೆ. ಕೆಳಹರಿವಿಗೆ ಎಳೆದರೆ ಕೊಕ್ಕೆ ದವಡೆಯ ಮೂಲೆಗೆ ಬರುತ್ತದೆ, ಮೇಲಕ್ಕೆ ಎಳೆದರೆ ಬಾಯಿಂದಾಚೆ. ಮೀನಿಲ್ಲದಿದ್ದರೂ ನಷ್ಟವಿಲ್ಲ, ಆ ಎಳೆತವೇ ಮುಂದಿನ ಎಸೆತದ ಶುರು.

ಲೀಡರ್ ಜೋತು ಬೀಳುವುದು ಇನ್ನೊಂದು ತಲೆನೋವು. 20 ಪೌಂಡಿನ ಎಳೆ ಗಾಳಿಯಲ್ಲಿ ಚೆನ್ನಾಗಿ ಸಾಗುತ್ತದೆ, ಆದರೆ ಹೊರಗೆ ಹೆಚ್ಚು ಬಿಟ್ಟಾಗ ತನ್ನ ತೂಕಕ್ಕೇ ಬಾಗಿ ಹಗುರ ಫ್ಲೈಯನ್ನು ರಾಡ್ ಕಡೆಗೆ ಜಗ್ಗುತ್ತದೆ. ಎರಡೂ ಫ್ಲೈ 2.3 ಇದ್ದಾಗ ನಾನು ಸೈಟರ್‌ವರೆಗೂ 8 ಪೌಂಡಿನ ಒಂದೇ ಎಳೆಯ ಲೀಡರ್ ಹಾಕುತ್ತೇನೆ. ಅದನ್ನು ನಿಧಾನಕ್ಕೆ ಎಸೆಯಬೇಕು, ಗಾಳಿ ಬಂದರೆ ಅದರಿಂದ ಏನೂ ಆಗದು. ಗಾಳಿಯ ದಿನ ದಪ್ಪ ಲೀಡರ್, ಒಂದು ಗಾತ್ರ ಹೆಚ್ಚಿನ ಬೀಡ್, ತಗ್ಗಿಸಿದ ರಾಡ್. ಸೈಟರ್ ತುದಿ ನಾಲ್ಕು ಇಂಚು ನೀರಿನಲ್ಲಿ ಮುಳುಗಿದರೂ ಚಿಂತೆಯಿಲ್ಲ.

ಫ್ಲೈ ಸಿಕ್ಕಿಹಾಕಿಕೊಂಡರೆ ನಿಂತಲ್ಲೇ ಜಗ್ಗಬೇಡಿ, ಕೊಕ್ಕೆ ಇನ್ನೂ ಒಳಗೆ ಹೋಗುತ್ತದೆ. ಮೇಲ್ಹರಿವಿಗೆ ನಡೆದು, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದರೆ ಬಹುತೇಕ ಕಳಚುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹಾಗೆ ನಡೆಯುವಾಗ ಕಾಲಡಿ ನೋಡಿ: ಪಾಚಿಯಿಲ್ಲದೆ ತೊಳೆದಿಟ್ಟಂತೆ ಕಾಣುವ ಜಲ್ಲಿಯ ಹಾಸು ಬ್ರೌನ್ ಟ್ರೌಟ್ ಮೊಟ್ಟೆ ಇಟ್ಟ ಜಾಗ. ಬೇಸಿಗೆಯಲ್ಲಿ ಥರ್ಮಾಮೀಟರ್ ಜೇಬಿನಲ್ಲಿರಲಿ. ನೀರು 68 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ರಾಡ್ ಮಡಚಿಡುತ್ತೇನೆ, ಆ ಬಿಸಿಯಲ್ಲಿ ಹಿಡಿದು ಬಿಟ್ಟ ಮೀನು ಚೇತರಿಸಿಕೊಳ್ಳುವುದು ಕಷ್ಟ.

ಸಂಜೆ ಬಿಸಿಲು ಎದುರಿಗಿದ್ದಾಗ ಸೈಟರ್‌ನ ಹಳದಿ, ಗುಲಾಬಿ ಬಣ್ಣ ಎರಡೂ ಹೊಳಪಿನಲ್ಲಿ ಕರಗಿಹೋಗುತ್ತವೆ. ಆಚೆ ದಡಕ್ಕೆ ದಾಟಲು ಆಗದಿದ್ದರೆ ಕಪ್ಪು ಪರ್ಮನೆಂಟ್ ಮಾರ್ಕರ್‌ನಲ್ಲಿ ಸೈಟರ್‌ನ ನಡುವೆ ಎರಡು ಇಂಚು ಬಳಿದುಕೊಳ್ಳಿ. ಹೊಳಪಿನ ಎದುರು ಕಾಣುವುದು ಆ ಕಪ್ಪು ತುಂಡೊಂದೇ.